ತಲಾಸ್‌ಗೆ ಹೊರಟ ಹೊಲಿಗೆ ಯಂತ್ರಗಳು

ಕುಬಾತ್ ಆ ಹಳೆಯ ಹೆಣಿಗೆ ಕಾರ್ಖಾನೆಯ ಹಜಾರವನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದ. ಉದ್ದಕ್ಕೆ ಎಪ್ಪತ್ತೆರಡು ಹೆಜ್ಜೆ, ಅಗಲಕ್ಕೆ ಮೂವತ್ತು. ಮೂರು ಹೆಜ್ಜೆಗೊಮ್ಮೆ ನಿಂತು, ಇಲ್ಲೊಂದು ಯಂತ್ರ, ಇಲ್ಲೊಂದು ಎಂದು ನೆಲಕ್ಕೆ ಬೆರಳು ತೋರಿಸುತ್ತಿದ್ದ. ಬಾಗಿಲಲ್ಲಿ ನಿಂತ ಸಾಯ್ರಗುಲ್ ಎಣಿಸುತ್ತಿದ್ದುದು ಕಿಟಕಿಗಳನ್ನು. ಒಟ್ಟು ಇಪ್ಪತ್ತೆಂಟು. ಜನವರಿಯಲ್ಲಿ ಅಷ್ಟೂ ಕಿಟಕಿಯ ಸಂದಿನಿಂದ ನುಗ್ಗುವ ಚಳಿಯನ್ನು ಓಡಿಸಲು ಎಷ್ಟು ಕಲ್ಲಿದ್ದಲು ಸುಡಬೇಕಾದೀತು ಎಂದು ಅವಳ ತಲೆ ಲೆಕ್ಕ ಹಾಕುತ್ತಿತ್ತು.

ಕುಬಾತ್ ಅವಳ ಅಕ್ಕನ ಗಂಡ. ಅವಳು ಅವನನ್ನು ಜೆಜ್ದೆ, ಅಂದರೆ ಭಾವ, ಎಂದೇ ಕರೆಯುತ್ತಿದ್ದಳು. ಭಾವ ನಾದಿನಿಯರ ಕೀಟಲೆಗೆ ಆ ಸೀಮೆಯಲ್ಲಿ ಯಾರೂ ಅಡ್ಡ ಬರುವುದಿಲ್ಲ. ರಾಜಧಾನಿ ಬಿಷ್ಕೆಕ್ಕಿನ ಅಕ್-ಓರ್ಗೊ ಬಡಾವಣೆಯಲ್ಲಿ, ಒಂದು ಮನೆಯ ಕೆಳ ಅಂತಸ್ತಿನಲ್ಲಿ ಅವರದು ಇಪ್ಪತ್ನಾಲ್ಕು ಯಂತ್ರಗಳ ಹೊಲಿಗೆ ಘಟಕ. ಬಂಡವಾಳ ಕುಬಾತ್‌ನದು, ಕೈ ಸಾಯ್ರಗುಲ್‌ಳದು. ಅವನು ಹಿಂದೆ ದೊರ್ದೊಯ್ ಸಂತೆಯಲ್ಲಿ ಅಂಗಡಿ ಇಟ್ಟಿದ್ದವನು. ಸರಕಿಗಿಂತ ಗಂಟಲು ದೊಡ್ಡದು, ಆದರೆ ಕಲ್ಲಿನಿಂದಲೂ ನಗು ತರಿಸಿ ಬೆಲೆ ಇಳಿಸಬಲ್ಲ. ಅವಳಿಗೆ ನಲವತ್ತೊಂದು ವರ್ಷ. ಇಪ್ಪತ್ತು ವರ್ಷದಿಂದ ಬಟ್ಟೆ ಕತ್ತರಿಸಿ ಕತ್ತರಿಸಿ ಬಲಗೈ ಹೆಬ್ಬೆರಳು ಕತ್ತರಿಯ ಹಿಡಿಯ ಆಕಾರಕ್ಕೇ ಬಾಗಿತ್ತು.

ಆ ದಿನ ಅವಳು ಅವನನ್ನು ಹುಡುಕಿಕೊಂಡು ಬಂದದ್ದಕ್ಕೆ ಕಾರಣವಿತ್ತು. ದೂರದ ಉತ್ತರದ ನೊವೊಸಿಬಿರ್ಸ್ಕ್‌ನ ಬಟ್ಟೆ ವ್ಯಾಪಾರಿ ಲಾರಿಸಾ ಪಾವ್ಲೊವ್ನಾ ಎರಡು ಸಾವಿರದ ನಾನೂರು ಜಾಕೆಟ್ಟು ಕೇಳಿದ್ದಳು. ತೋಳಿಲ್ಲದ, ಒಳಗೆ ಹತ್ತಿ ತುಂಬಿದ ಜಾಕೆಟ್ಟು. ಹದಿನಾಲ್ಕನೇ ದಿನ ಲಾರಿ ಹೊರಡಬೇಕು, ಮೊದಲ ಹಿಮ ಬೀಳುವುದರೊಳಗೆ ಅವು ಅವಳ ಅಂಗಡಿಗಳಲ್ಲಿ ತೂಗಾಡಬೇಕು. ಅವಳು ಮೊದಲು ಕೇಳಿದ್ದ ದೂರದ ದೊಡ್ಡ ಕಾರ್ಖಾನೆಯವರು ಹತ್ತು ಸಾವಿರಕ್ಕೆ ಕಡಿಮೆಯಾದರೆ ಕೈಯೇ ಹಾಕುವುದಿಲ್ಲವಂತೆ, ಅದೂ ಎರಡು ತಿಂಗಳಿಗೆ. ಜೊತೆಗೆ ಲಾರಿಸಾಳ ಒಂದು ಕರಾರು: ಬಣ್ಣ, ಅಳತೆ ಎಲ್ಲವನ್ನೂ ಒಂದೇ ಸಲ ಹೇಳುವುದಿಲ್ಲ, ಮೂರು ಕಂತಿನಲ್ಲಿ ಹೇಳುತ್ತಾಳೆ. ಯಾವ ಬಣ್ಣ ಓಡುತ್ತದೆಂದು ನೋಡಿಕೊಂಡು ಮುಂದಿನ ಕಂತು.

ಕುಬಾತ್ ಕುಣಿದಾಡಿದ. ಈ ಹಜಾರದ ಬಾಡಿಗೆ ಕರಾರಿಗೆ ಇವತ್ತೇ ಸಹಿ ಹಾಕುತ್ತೇನೆ, ಇನ್ನೂ ನಲವತ್ತು ಯಂತ್ರ ತರುತ್ತೇನೆ ಎಂದ.

"ಹೊಲಿಯೋರು ಯಾರು ಜೆಜ್ದೆ? ನೀವೂ ನಮ್ಮಕ್ಕನಾ?" ಎಂದಳು ಸಾಯ್ರಗುಲ್.

ಮಾತು ನಿಜವಾಗಿತ್ತು. ಇಪ್ಪತ್ನಾಲ್ಕು ಯಂತ್ರಗಳಲ್ಲಿ ಆಗ ತಿರುಗುತ್ತಿದ್ದುದು ಒಂಬತ್ತೇ. ಉಳಿದ ಹೆಂಗಸರೆಲ್ಲ ಬೆಟ್ಟದಾಚೆಯ ತಲಾಸ್ ಕಡೆಯವರು, ಸೆಪ್ಟೆಂಬರ್ ಬಂತೆಂದರೆ ಬೀನ್ಸ್ ಕಾಳಿನ ಸುಗ್ಗಿಗೆ ಊರಿಗೆ ಹೋಗಿಬಿಡುವವರು. ಒಂಬತ್ತು ಜನ, ದಿನಕ್ಕೆ ತಲಾ ಹತ್ತು, ಹದಿನಾಲ್ಕು ದಿನ: ಸಾವಿರದ ಇನ್ನೂರ ಅರವತ್ತು. ಅರ್ಧ ದಾರಿ. ಹೊಸಬರನ್ನು ತರೋಣವೆಂದು ಕುಬಾತ್ ಹೇಳಿದ್ದಕ್ಕೆ ಅವಳು, ಹೊಸ ಕೈ ಪಳಗಲು ಒಂದು ತಿಂಗಳು ಬೇಕು, ಅಷ್ಟರಲ್ಲಿ ನಮ್ಮ ಬಟ್ಟೆಯೆಲ್ಲ ಅವರ ಪಾಠಕ್ಕೇ ಮುಗಿದಿರುತ್ತದೆ ಎಂದಳು. ಈ ಹಜಾರದ ಬಾಡಿಗೆಗೆ ಸುಗ್ಗಿಯೂ ಗೊತ್ತಿಲ್ಲ, ಬರವೂ ಗೊತ್ತಿಲ್ಲ; ಕೆಲಸವಿಲ್ಲದ ಜನವರಿಯಲ್ಲೂ ಅದು ತಿಂಗಳಿಗೊಮ್ಮೆ ಬಾಗಿಲು ತಟ್ಟುತ್ತದೆ ಎಂದೂ ಸೇರಿಸಿದಳು.

ಹೊಲಿಗೆ ಘಟಕಕ್ಕೆ ಮರಳಿದವಳೇ ಅವಳು ಅನಿಪಾಗೆ ಫೋನ್ ಮಾಡಿದಳು. ಅನಿಪಾ ಅವರಲ್ಲೆಲ್ಲ ಚುರುಕಾದ ಹೊಲಿಗೆಯವಳು, ತಲಾಸ್ ಕಣಿವೆಯ ಕೊಕ್-ತಾಲ್ ಎಂಬ ಹಳ್ಳಿಯವಳು. ನಾಲ್ಕು ದಿನದ ಮಟ್ಟಿಗಾದರೂ ಎಲ್ಲರೂ ಬರಲಾದೀತೇ ಎಂದು ಸಾಯ್ರಗುಲ್ ಕೇಳಿದಳು.

"ಬರಕ್ಕಾಗಲ್ಲ ಎಜೆ," ಎಂದಳು ಅನಿಪಾ. ತನಗಿಂತ ಹಿರಿಯಳನ್ನು ಅಲ್ಲಿ ಹಾಗೆಯೇ ಅಕ್ಕ ಎನ್ನುವುದು. "ಗಿಡ ಎಲ್ಲ ಕಿತ್ತು ಹೊಲದಲ್ಲಿ ಹರಡಿದೀವಿ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಮಗುಚಬೇಕು. ಮಳೆ ಬಂದ್ರೆ ಓಡಿ ಮುಚ್ಚಬೇಕು. ಬಿಟ್ಟು ಬಂದ್ರೆ ಅತ್ತೆ ನನ್ನನ್ನೇ ಒಣಗಿಸ್ತಾರೆ."

"ಬೆಳಿಗ್ಗೆಗೂ ಸಂಜೆಗೂ ನಡುವೆ ಏನ್ಮಾಡ್ತೀರ?"

"ಏನ್ಮಾಡೋದು, ಚಹಾ ಕುಡಿಯೋದು. ಕಾಳು ಒಣಗೋದನ್ನ ನೋಡ್ತಾ ಕೂತ್ಕೊಳ್ಳೋದು."

ಸಾಯ್ರಗುಲ್ ಫೋನ್ ಕಿವಿಯಲ್ಲಿಟ್ಟುಕೊಂಡೇ ಹಿಂತಿರುಗಿ ನೋಡಿದಳು. ಹದಿನೈದು ಯಂತ್ರಗಳು ಬಟ್ಟೆ ಹೊದ್ದುಕೊಂಡು ಸಾಲಾಗಿ ಕೂತಿದ್ದವು. ಯಂತ್ರ ಇಲ್ಲಿ ಸುಮ್ಮನಿದೆ, ಅದನ್ನು ತುಳಿಯುವ ಕಾಲು ಅಲ್ಲಿ ಸುಮ್ಮನಿದೆ. ನಡುವೆ ಇರುವುದು ಎರಡು ಘಟ್ಟದ ದಾರಿ, ಅಷ್ಟೇ. ನಿಮ್ಮೂರಿನಲ್ಲಿ ಗಟ್ಟಿ ಕರೆಂಟು ಇರುವ ದೊಡ್ಡ ಕೋಣೆ ಯಾವುದಿದೆ ಎಂದು ಕೇಳಿದಳು. ಹಳೆಯ ಸಾಂಸ್ಕೃತಿಕ ಭವನ ಇದೆ, ಈಗ ಅಲ್ಲಿ ಮದುವೆಯೊಂದು ಬಿಟ್ಟು ಬೇರೇನೂ ನಡೆಯುವುದಿಲ್ಲ ಎಂದಳು ಅನಿಪಾ.

ಕುಬಾತ್‌ಗೆ ವಿಷಯ ಹೇಳಿದಾಗ ಅವನು ಮೊದಲು ನಕ್ಕ, ಆಮೇಲೆ ಅವಳು ತಮಾಷೆ ಮಾಡುತ್ತಿಲ್ಲವೆಂದು ತಿಳಿದು ಗಾಬರಿಯಾದ.

"ಎಲ್ರೂ ಕುರಿ ಹೊಡ್ಕೊಂಡು ಬೆಟ್ಟದಿಂದ ಇಳಿಯೋ ಕಾಲ ಇದು. ನೀನು ಹೊಲಿಗೆ ಯಂತ್ರ ಹೊಡ್ಕೊಂಡು ಬೆಟ್ಟ ಹತ್ತಕ್ಕೆ ಹೊರಟಿದೀಯಲ್ಲ," ಎಂದ.

"ಯಂತ್ರ ಹುಲ್ಲು ಕೇಳಲ್ಲ ಜೆಜ್ದೆ. ಹನ್ನೊಂದು ಕೊಡಿ ಸಾಕು. ಲಾರಿ ಹೊರಡೋವರೆಗೂ ಆ ಹಜಾರಕ್ಕೆ ಸಹಿ ಹಾಕ್ಬೇಡಿ."

ಅವನು ಗೊಣಗಿದ, ಕೋಣೆಯಲ್ಲಿ ಎರಡು ಸುತ್ತು ನಡೆದ, ಕೊನೆಗೆ ಸ್ಪಾನರ್ ತಂದು ತಾನೇ ಯಂತ್ರದ ತಲೆಗಳನ್ನು ಮೇಜಿನಿಂದ ಬಿಚ್ಚತೊಡಗಿದ.

ತೊಕ್ತೊಸುನ್ ಎಂಬವನು ಹದಿನೆಂಟು ವರ್ಷದಿಂದ ಬಿಷ್ಕೆಕ್‌ಗೂ ತಲಾಸ್‌ಗೂ ನಡುವೆ ಪ್ರಯಾಣಿಕರ ವ್ಯಾನ್ ಓಡಿಸುತ್ತಿದ್ದ. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲಾಸ್. ಹೊಲಿಗೆಯ ಹೆಂಗಸರನ್ನೆಲ್ಲ ಹೆಸರು ಹಿಡಿದು ಬಲ್ಲ. ಅವನು ಸೀಟುಗಳನ್ನು ಕಿತ್ತು ಹನ್ನೊಂದು ಯಂತ್ರಗಳನ್ನು ಹಾಸಿಗೆ, ಕಂಬಳಿಗಳ ನಡುವೆ ಮಲಗಿಸಿದ. ಮಾರನೆಯ ದಿನದಿಂದ ಕತ್ತರಿಸಿದ ಬಟ್ಟೆಯ ಚೀಲಗಳೂ ಅವನ ವ್ಯಾನಿನಲ್ಲೇ ಹೋಗುವುದೆಂದಾಯಿತು. ಹಿಂದಿನ ಸಾಲಿನ ಸೀಟುಗಳು ಚೀಲಕ್ಕೆ, ಚೀಲಕ್ಕೂ ಮನುಷ್ಯರಿಗೂ ಒಂದೇ ದರ. ದುಬಾರಿಯಾಯಿತೆಂದು ಕುಬಾತ್ ಕ್ಯಾತೆ ತೆಗೆದಾಗ ತೊಕ್ತೊಸುನ್, ನನಗಂತೂ ಚೀಲವೇ ವಾಸಿ, ಘಟ್ಟದ ತಿರುವಿನಲ್ಲಿ ವಾಂತಿ ಮಾಡುವುದಿಲ್ಲ ಎಂದ. ಸಾಯ್ರಗುಲ್ ಲೆಕ್ಕ ಹಾಕಿ ನೋಡಿದಳು. ಹೋಗಿ ಬರುವ ಖರ್ಚು ಒಂದು ಜಾಕೆಟ್ಟಿನ ಮೇಲೆ ಏಳು ಸೋಮ್ ಬೀಳುತ್ತಿತ್ತು. ಹಜಾರದ ಬಾಡಿಗೆ, ಕಲ್ಲಿದ್ದಲು ಸೇರಿದರೆ ಅದೇ ಜಾಕೆಟ್ಟಿನ ಮೇಲೆ ಮೂವತ್ತು ಬೀಳುತ್ತಿತ್ತು. ಅವಳು ಕುಬಾತ್‌ಗೆ ಎರಡು ಅಂಕಿಗಳನ್ನೂ ಹೇಳಿದಳು. ಅವನು ಕೇಳಿಸದವನಂತೆ ಕಿಟಕಿಯ ಹೊರಗೆ ನೋಡಿದ.

ಕತ್ತರಿಸುವ ಮೇಜು ಮಾತ್ರ ಬಿಷ್ಕೆಕ್‌ನಲ್ಲೇ. ಅರವತ್ತು ಪದರ ಬಟ್ಟೆ ಹಾಸಿ ವಿದ್ಯುತ್ ಕತ್ತಿಯಿಂದ ಕೊಯ್ದು, ಹತ್ತು ಜಾಕೆಟ್ಟಿಗೆ ಬೇಕಾದ ತುಂಡುಗಳು, ಜಿಪ್ಪು, ನೂಲು, ಪಟ್ಟಿ ಎಲ್ಲವನ್ನೂ ಒಂದು ಗಂಟು ಕಟ್ಟುವುದು. ಗಂಟು ಬಿಚ್ಚಿದವಳು ಏನನ್ನೂ ಹುಡುಕಬೇಕಾಗಿಲ್ಲ.

ಆದರೆ ಮೂರನೇ ದಿನ ತಲಾಸ್‌ನಿಂದ ಬಂದ ಮೊದಲ ಚೀಲ ಬಿಚ್ಚಿದಾಗ ಅವಳು ಅಳತೆ ಪಟ್ಟಿ ಕೈಗೆತ್ತಿಕೊಂಡಳು. ಹನ್ನೆರಡು ಜಾಕೆಟ್ಟುಗಳಲ್ಲಿ ಮುಂಭಾಗ ನಲವತ್ತೆಂಟರ ಅಳತೆ, ಬೆನ್ನು ಐವತ್ತೆರಡರದು. ಎರಡು ಗಂಟುಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿದ್ದರು, ತುಂಡುಗಳು ಕಲೆತುಹೋಗಿದ್ದವು. ಕುಬಾತ್ ಒಂದನ್ನು ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತ. ಬೆನ್ನು ಗೂನು ಬಿದ್ದವನಂತೆ ಕಂಡ. ಗೂನು ಬೆನ್ನಿನವರು ಹೆಚ್ಚಿರುವ ಊರು ಯಾವುದೆಂದು ಲಾರಿಸಾಳನ್ನೇ ಕೇಳೋಣವೇ ಎಂದ.

ಸಾಯ್ರಗುಲ್ ಆ ಹನ್ನೆರಡನ್ನೂ ಪಕ್ಕಕ್ಕಿಟ್ಟಳು. ಅಂದಿನಿಂದ ಒಂದು ಚೀಲಕ್ಕೆ ಒಂದೇ ಅಳತೆ, ಪ್ರತಿ ಗಂಟಿಗೂ ಅಳತೆಯ ಬಣ್ಣದ ನೂಲು. ಕೆಂಪು ಕಂಡರೆ ನಲವತ್ತಾರು, ಹಸಿರು ಕಂಡರೆ ನಲವತ್ತೆಂಟು. ಕೆಂಪು ನೂಲಿನ ಗಂಟು ತೆರೆದಿರುವ ಮೇಜಿಗೆ ಹಸಿರು ಬರಕೂಡದು. ಇದನ್ನು ಫೋನಿನಲ್ಲಿ ಹೇಳಿದರೆ ಸಾಲದು ಎನ್ನಿಸಿ ಮರುದಿನ ಬೆಳಿಗ್ಗೆ ಚೀಲಗಳ ಜೊತೆ ತಾನೇ ವ್ಯಾನ್ ಹತ್ತಿದಳು.

ತ್ಯೋ-ಆಶೂ ಸುರಂಗ ದಾಟಿ, ಸೂಸಮಿರ್ ಬಯಲು ದಾಟಿ, ಓತ್ಮೋಕ್ ಘಟ್ಟದಿಂದ ಇಳಿದಾಗ ಕೊಕ್-ತಾಲ್‌ನ ಹೊಲಗಳು ಕಂಬಳಿ ಹಾಸಿದಂತೆ ಕಂಡವು. ಭವನದ ಬಾಗಿಲು ತೆರೆದರೆ ಒಳಗಿನಿಂದ ಹೊಲಿಗೆಯ ಮೊರೆತ ಮುಖಕ್ಕೆ ಬಡಿಯಿತು. ವೇದಿಕೆಯ ಮೇಲೆ ಐದು ಯಂತ್ರ, ಕೆಳಗೆ ಆರು. ಕೆಲವು ಮೇಜುಗಳು ನಿಜವಾಗಿ ಕಿತ್ತುಹಾಕಿದ ಬಾಗಿಲುಗಳು. ಅನಿಪಾ ಹದಿನಾರು ಜನರನ್ನು ಸೇರಿಸಿದ್ದಳು. ಒಬ್ಬಳು ಕಾಳು ಮಗುಚಲು ಎದ್ದರೆ ಇನ್ನೊಬ್ಬಳು ಅದೇ ಕುರ್ಚಿಯಲ್ಲಿ ಕೂರುವುದು, ಯಂತ್ರ ಮಾತ್ರ ತಣ್ಣಗಾಗುವಂತಿಲ್ಲ. ಅತ್ತೆಯರು ದೊಡ್ಡ ಪಾತ್ರೆಯಲ್ಲಿ ಚಹಾ ಹೊತ್ತು ತಂದು, ಸೊಸೆಯರು ಹೊಲಿಯುವುದನ್ನು ನೋಡಲು ಮದುವೆಗೆ ಬಂದವರಂತೆ ಸಾಲಾಗಿ ಕೂತಿದ್ದರು. ನೂಲಿನ ಬಣ್ಣದ ಕಟ್ಟಳೆ ಹೇಳಿಕೊಡಲು ಸಾಯ್ರಗುಲ್‌ಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ದಿನ ಆ ಭವನದಲ್ಲಿ ನೂರ ಹದಿನಾಲ್ಕು ಜಾಕೆಟ್ಟು ತಯಾರಾಯಿತು. ಬಿಷ್ಕೆಕ್‌ನಲ್ಲಿ ಆ ಹನ್ನೊಂದು ಯಂತ್ರಗಳು ಎಂದೂ ಅಷ್ಟು ಹೊಲಿದಿರಲಿಲ್ಲ.

ಆರನೇ ದಿನ, ಅವಳು ಮೇಜಿಗೆ ಮರಳಿದ ಬೆಳಿಗ್ಗೆ, ಲಾರಿಸಾ ಪಾವ್ಲೊವ್ನಾ ಎರಡನೇ ಕಂತು ಹೇಳಿದಳು. ಮಾದರಿಯ ಚಿತ್ರಗಳನ್ನು ಅಂಗಡಿಗಳಿಗೆ ತೋರಿಸಿದ್ದಾಳಂತೆ. ಕಡು ನೀಲಿಯನ್ನು ಯಾರೂ ಕಣ್ಣೆತ್ತಿ ನೋಡುತ್ತಿಲ್ಲ, ಎಲ್ಲರೂ ಕೇಳುತ್ತಿರುವುದು ಸಾಸಿವೆ ಹಳದಿ. ಉಳಿದದ್ದೆಲ್ಲ ಹಳದಿಯಾಗಲು ಸಾಧ್ಯವೇ ಎಂದು ಅವಳು ಅಳುಕುತ್ತಲೇ ಕೇಳಿದ್ದಳು.

ಸಾಯ್ರಗುಲ್‌ಗೆ ಕುಣಿಯಬೇಕೆನಿಸಿತು. ಅವಳು ಕತ್ತರಿಸಿದ್ದುದು ಎಂಟುನೂರು ಮಾತ್ರ. ಒಂದೇ ಸಲಕ್ಕೆ ಎಲ್ಲವನ್ನೂ ಕತ್ತರಿಸಿದ್ದರೆ ಇಂದು ನೀಲಿಯ ಬೆಟ್ಟದ ಕೆಳಗೆ ಸಿಕ್ಕಿಕೊಂಡಿರುತ್ತಿದ್ದರು. ಸಾಧ್ಯ ಎಂದು ಒಂದೇ ಮಾತಿನ ಉತ್ತರ ಕಳಿಸಿದಳು. ಹಳದಿ ಬಟ್ಟೆ ತರಲು ಹೋದವನು ಕುಬಾತ್. ಮದೀನಾ ಬಟ್ಟೆ ಸಂತೆಯಲ್ಲಿ ನಾಲ್ಕು ಅಂಗಡಿಯವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ, ಊಟದ ಹೊತ್ತಿಗೆ ಇಪ್ಪತ್ತಾರು ಸುರುಳಿ ಹಳದಿ ಬಟ್ಟೆಯನ್ನು ನೀಲಿಗಿಂತ ಕಡಿಮೆ ಬೆಲೆಗೆ ಹೊರಿಸಿಕೊಂಡು ಬಂದ. ಅದಕ್ಕೆ ಹೊಂದುವ ಜಿಪ್ಪೂ ಅವನೇ ಹುಡುಕಿದ್ದ. ಅವನ ಕಣ್ಣು ಹೊಳೆಯುತ್ತಿತ್ತು. ಬಟ್ಟೆ ಇಳಿಸುತ್ತಾ, ನಿಮ್ಮ ತಲಾಸ್‌ನವರು ನಿನ್ನೆ ಎಷ್ಟು ಹೊಲಿದರು ಎಂದು ಮೊದಲ ಸಲ ತಾನಾಗಿಯೇ ಕೇಳಿದ.

ಮುಂದಿನ ದಿನಗಳು ಓಟದ ಕುದುರೆಯ ಹಾಗೆ ಕಳೆದವು. ಬೆಳಿಗ್ಗೆ ಕತ್ತರಿಸಿದ ಬಟ್ಟೆ ಮರುದಿನ ಮಧ್ಯಾಹ್ನ ಘಟ್ಟದಾಚೆ ಜಾಕೆಟ್ಟಾಗುತ್ತಿತ್ತು, ಅದರ ಮರುದಿನ ವ್ಯಾನಿನಲ್ಲಿ ಬಂದು ಇಳಿಯುತ್ತಿತ್ತು. ಅನಿಪಾ ದಿನವೂ ಸಂಜೆ ಒಂದು ಅಂಕಿ ಕಳಿಸುತ್ತಿದ್ದಳು, ಬಿಷ್ಕೆಕ್‌ನ ಒಂಬತ್ತು ಜನ ಅದನ್ನು ನೋಡಿ ಹಲ್ಲು ಕಚ್ಚಿ ಹೊಲಿಯುತ್ತಿದ್ದರು. ಹನ್ನೊಂದನೇ ದಿನ ಕೊನೆಯ ಗಂಟುಗಳನ್ನು ಹೊತ್ತುಕೊಂಡು, ಮುಗಿಸಿಯೇ ಬರುತ್ತೇನೆಂದು ಸಾಯ್ರಗುಲ್ ಮತ್ತೆ ಕೊಕ್-ತಾಲ್‌ಗೆ ಹೋದಳು.

ಹನ್ನೆರಡನೇ ದಿನ ಬೆಳಿಗ್ಗೆ ಓತ್ಮೋಕ್ ಘಟ್ಟದಲ್ಲಿ ಹಿಮ ಬಿತ್ತು. ಸೆಪ್ಟೆಂಬರಿನಲ್ಲಿ ಅಷ್ಟು ಹಿಮ ಯಾರೂ ಎಣಿಸಿರಲಿಲ್ಲ. ದಾರಿ ಮುಚ್ಚಿತು, ಎರಡು ಮೂರು ದಿನ ತೆರೆಯುವುದಿಲ್ಲ ಎಂಬ ಸುದ್ದಿ ಬಂತು. ಭವನದಲ್ಲಿ ಮುಗಿದದ್ದು, ಮುಗಿಯುತ್ತಿದ್ದುದು ಸೇರಿ ನಾನೂರ ಅರವತ್ತು ಜಾಕೆಟ್ಟು ಇದ್ದವು, ಎಲ್ಲವೂ ಸಾಸಿವೆ ಹಳದಿ. ಬಿಷ್ಕೆಕ್‌ನಲ್ಲಿ ಲಾರಿ ಹೊರಡುವುದು ನಾಡಿದ್ದು.

ಹೆಂಗಸರು ಹೊಲಿಗೆ ನಿಲ್ಲಿಸಿ ಅವಳ ಮುಖ ನೋಡಿದರು. ನಿಲ್ಲಿಸಬೇಡಿ, ಹೊಲಿಯುತ್ತಿರಿ ಎಂದು ಹೇಳಿ ಅವಳು ಹೊರಗೆ ಬಂದಳು. ತೊಕ್ತೊಸುನ್‌ನ ವ್ಯಾನೂ ಅಲ್ಲಿಯೇ ಸಿಕ್ಕಿಬಿದ್ದಿತ್ತು. ಅವನು ಮೆಟ್ಟಿಲ ಮೇಲೆ ಕೂತು ನಿಶ್ಚಿಂತೆಯಿಂದ ರೊಟ್ಟಿ ಮುರಿಯುತ್ತಿದ್ದ.

"ಏನಣ್ಣಾ ಮಾಡೋದು ಈಗ?" ಎಂದಳು.

"ಹತ್ತಕ್ಕಾಗದಿದ್ರೆ ಇಳಿಯೋದು," ಎಂದ ಅವನು. "ನಮ್ಮ ಹೊಳೆ ಎಲ್ಲಿಗೆ ಹೋಗತ್ತೆ ಸಾಯ್ರಗುಲ್? ಬೆಟ್ಟ ಹತ್ತತ್ತಾ? ಸೀದಾ ಕೆಳಗೆ, ಕಜಾಕರ ತರಾಜ್ ಕಡೆಗೆ ಹೋಗತ್ತೆ. ಅಲ್ಲಿವರೆಗೂ ದಾರಿ ಹಾಸಿಗೆ ಇದ್ದಂಗಿದೆ, ಒಂದು ಹಿಡಿ ಹಿಮ ಇಲ್ಲ."

ಅವಳು ನಿಂತಲ್ಲೇ ನಿಂತಳು. ಇಷ್ಟು ದಿನ ಅವಳ ತಲೆಯಲ್ಲಿ ಎಲ್ಲ ದಾರಿಗಳೂ ಬಿಷ್ಕೆಕ್‌ಗೇ ಮರಳುತ್ತಿದ್ದವು. ಆದರೆ ಜಾಕೆಟ್ಟು ಹೋಗಬೇಕಾದದ್ದು ಬಿಷ್ಕೆಕ್‌ಗಲ್ಲವಲ್ಲ, ಉತ್ತರಕ್ಕಲ್ಲವೇ? ಬಿಷ್ಕೆಕ್‌ನಿಂದ ಹೊರಡುವ ಲಾರಿಯೂ ಹೋಗುವುದು ಕಜಾಕರ ನೆಲದ ಮೇಲೆಯೇ. ಅದು ಚಲ್ದೊವಾರ್ ಗಡಿ ದಾಟಿದರೆ ಮೆರ್ಕೆ ಎಂಬ ಪಟ್ಟಣ ಸಿಗುತ್ತದೆ. ತರಾಜ್‌ನಿಂದಲೂ ಮೆರ್ಕೆಗೆ ಮೂರು ಗಂಟೆಯ ಸಪಾಟು ದಾರಿ.

ಕುಬಾತ್‌ಗೆ ಫೋನ್ ಮಾಡಿದಳು. ಎಲ್ಲವನ್ನೂ ಹೇಳಿ ಮುಗಿಸಿದಳು. ನಾನು ಹೇಳಿರಲಿಲ್ಲವೇ ಎಂಬ ಮಾತಿಗಾಗಿ ಅವಳು ಕಾದಳು.

"ಚೀಟಿ ಬೇಕಲ್ಲೇ," ಎಂದ ಅವನು. "ಲಾರಿ ಚೀಟಿಯಲ್ಲಿ ಸರಕು ತುಂಬೋ ಜಾಗ ಬಿಷ್ಕೆಕ್ ಒಂದೇ ಅಂತಿದೆ. ತಲಾಸ್ ಹೆಸರಲ್ಲಿ ಇನ್ನೊಂದು ಮಾಡಿಸ್ಬೇಕು. ಅದು ನಂಗೆ ಬಿಡು. ಗಡಿವರೆಗೆ ಹೊರೋ ಗಾಡಿ ನೀನು ನೋಡ್ಕೊ."

ಗಾಡಿ ಕಣ್ಣೆದುರಿಗೇ ಇತ್ತು. ಆ ವರ್ಷದ ಮೊದಲ ಬೀನ್ಸ್ ಕೊಂಡ ವ್ಯಾಪಾರಿಯೊಬ್ಬನ ಲಾರಿ ಹಳ್ಳಿಯ ಕಣದಲ್ಲಿ ತುಂಬಿಕೊಳ್ಳುತ್ತಿತ್ತು, ಹದಿನಾಲ್ಕನೇ ದಿನ ತರಾಜ್ ದಾಟಿ ಮೆರ್ಕೆಯ ಮೇಲೆಯೇ ಹೋಗುವುದಿತ್ತು. ಅನಿಪಾ ಅವನ ಬಳಿ ಹೋಗಿ ಲಾರಿಯ ಒಳಗೆ ಇಣುಕಿದಳು. ಕಾಳು ಭಾರ; ತೂಕದ ಮಿತಿ ಮುಟ್ಟಿದ ಮೇಲೂ ಲಾರಿಯ ಮೇಲರ್ಧ ಬರಿದಾಗಿತ್ತು. ಆ ಬರಿದು ಜಾಗಕ್ಕೆ ನೀನು ಗಾಳಿ ತುಂಬಿಕೊಂಡು ಹೋಗುವ ಬದಲು ನಮ್ಮ ಜಾಕೆಟ್ಟು ತುಂಬಿಕೊಂಡು ಹೋಗು, ಅವೂ ಗಾಳಿಯಷ್ಟೇ ಹಗುರ ಎಂದಳು. ವ್ಯಾಪಾರಿ ಬಾಡಿಗೆ ಕೇಳಿದ. ಈ ಹಳ್ಳಿಯ ಹದಿನಾರು ಮನೆಯ ಬೀನ್ಸ್ ಇನ್ನೂ ಒಣಗುತ್ತಿದೆ, ಅದನ್ನು ಯಾರಿಗೆ ಮಾರುವುದೆಂದು ನಾವಿನ್ನೂ ತೀರ್ಮಾನಿಸಿಲ್ಲ ಎಂದಳು ಅನಿಪಾ. ಬಾಡಿಗೆಯ ಮಾತು ಅಲ್ಲಿಗೇ ನಿಂತಿತು.

ಮರುದಿನವಿಡೀ ಭವನದಲ್ಲಿ ಚಹಾಕ್ಕೂ ಬಿಡುವಿರಲಿಲ್ಲ. ಕೊನೆಯ ಜಿಪ್ಪಿನ ನೂಲು ಕತ್ತರಿಸುವ ಹೊತ್ತಿಗೆ ಅತ್ತೆಯರೇ ಜಾಕೆಟ್ಟುಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದರು. ಅತ್ತ ಕುಬಾತ್ ಮೂರು ಕಚೇರಿ ಸುತ್ತಿ, ಒಂದು ಕಡೆ ನಗಿಸಿ, ಇನ್ನೊಂದು ಕಡೆ ಗೋಗರೆದು, ಮುದ್ರೆ ಬಿದ್ದ ಚೀಟಿಯ ಚಿತ್ರ ಕಳಿಸಿದ. ಹಳ್ಳಿಯ ಶಾಲೆಯಲ್ಲಿ ಅದನ್ನು ಕಾಗದಕ್ಕಿಳಿಸಿಕೊಂಡು, ಹದಿನಾಲ್ಕನೇ ದಿನ ಮುಂಜಾನೆ ಸಾಯ್ರಗುಲ್ ಬೀನ್ಸ್ ಲಾರಿಯ ಚಾಲಕನ ಪಕ್ಕದಲ್ಲಿ ಕೂತಳು.

ಗಡಿಯಲ್ಲಿ ಅಧಿಕಾರಿ ಹಿಂದಿನ ಬಾಗಿಲು ತೆರೆಸಿದ. ಕೆಳಗೆ ಕಾಳಿನ ಮೂಟೆ, ಮೇಲೆ ಹಳದಿ ಜಾಕೆಟ್ಟು ಕಂಡು ತಲೆ ಕೆರೆದುಕೊಂಡ.

"ನಿಮ್ಮ ಕಡೆ ಬೀನ್ಸಿಗೂ ಚಳಿಯಾಗತ್ತಾ?" ಎಂದ.

ಸಾಯ್ರಗುಲ್ ಎರಡೂ ಚೀಟಿ ಕೊಟ್ಟಳು. ಅವನು ಒಂದೊಂದು ಅಕ್ಷರವನ್ನೂ ಓದಿದ. ಕೊನೆಗೆ ಅವನು ಮುದ್ರೆ ಒತ್ತಿ ಕೈ ಬೀಸಿದ.

ಮೆರ್ಕೆಯ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ನೊವೊಸಿಬಿರ್ಸ್ಕ್ ಲಾರಿ ನಿಂತಿತ್ತು. ಅದರ ಮುಂದೆ ಅಂಗಿಯ ತೋಳು ಮಡಚಿ ನಿಂತಿದ್ದವನು ಸಾಕ್ಷಾತ್ ಕುಬಾತ್. ಅವನು ಬರುವ ಮಾತೇ ಇರಲಿಲ್ಲ. ಲಾರಿಯವನನ್ನು ಎರಡು ಗಂಟೆ ಹೆಚ್ಚಿಗೆ ನಿಲ್ಲಿಸಿಕೊಳ್ಳಲು ಜೊತೆಯಲ್ಲೇ ಕೂತು ಬಂದಿದ್ದ, ಅವನಿಗೆ ಮೂರು ತಟ್ಟೆ ಲಗ್ಮಾನ್ ಶಾವಿಗೆ ತಿನ್ನಿಸಿದ್ದ. ಎರಡು ಲಾರಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತವು. ಸಾಯ್ರಗುಲ್ ಮೂಟೆಗಳ ಮೇಲೆ ಹತ್ತಿ ಚೀಲ ಎಸೆದಳು, ಕುಬಾತ್ ಹಿಡಿದು ಜೋಡಿಸಿದ. ಮಧ್ಯಾಹ್ನದ ಬಿಸಿಲಿನಲ್ಲಿ ಇಬ್ಬರೂ ಮಕ್ಕಳ ಹಾಗೆ ನಗುತ್ತಿದ್ದರು. ಕೊನೆಯ ಚೀಲ ಒಳಗೆ ಹೋದಾಗ ಎರಡು ಸಾವಿರದ ಮುನ್ನೂರ ಎಂಬತ್ತೆಂಟು. ಕೆಟ್ಟುಹೋದ ಹನ್ನೆರಡರ ವಿಷಯ ಅವಳು ಲಾರಿಸಾಗೆ ಮೊದಲೇ ಹೇಳಿದ್ದಳು.

ಲಾರಿ ಉತ್ತರದ ದಾರಿ ಹಿಡಿದು ಚುಕ್ಕೆಯಾಗುವವರೆಗೂ ಕುಬಾತ್ ನೋಡುತ್ತಾ ನಿಂತ. ಆಮೇಲೆ ಹಜಾರದ ಮಾಲೀಕನಿಗೆ ಫೋನ್ ಮಾಡಿ, ಬೇರೆಯವರಿಗೆ ಕೊಟ್ಟುಬಿಡಿ ಎಂದ. ಕಲ್ಲಿದ್ದಲಿನ ಲೆಕ್ಕವನ್ನು ಮತ್ತೆ ಎತ್ತದೇ ಇರಲು ಸಾಯ್ರಗುಲ್‌ಗೆ ಬಹಳ ಕಷ್ಟವಾಯಿತು.

ಹಳದಿ ಜಾಕೆಟ್ಟುಗಳು ಅಕ್ಟೋಬರ್ ಮುಗಿಯುವುದರೊಳಗೆ ಖಾಲಿಯಾದವು. ನೀಲಿ ನೂರೈವತ್ತು ಉಳಿದವು. ಲಾರಿಸಾ ಪಾವ್ಲೊವ್ನಾ ಮತ್ತೆ ಕೇಳಿದಳು, ಈ ಸಲ ಐದು ಕಂತಿನಲ್ಲಿ. ಸುಗ್ಗಿ ಮುಗಿದ ಮೇಲೆ ಹಳೆಯ ಹೊಲಿಗೆಯವರಲ್ಲಿ ನಾಲ್ಕು ಜನ ಮಾತ್ರ ಬಿಷ್ಕೆಕ್‌ಗೆ ಬಂದರು. ಉಳಿದವರು, ಯಂತ್ರ ಇಲ್ಲೇ ಇರುವಾಗ ನಗರದ ಬಾಡಿಗೆ ಕೋಣೆಯಲ್ಲಿ ನಾಲ್ಕು ಜನ ಒಂದೇ ಮಂಚಕ್ಕೆ ಯಾಕೆ ಕಾದಾಡಬೇಕು ಎಂದರು. ಯಂತ್ರಗಳು ಭವನದಲ್ಲೇ ಉಳಿದವು, ಉಸ್ತುವಾರಿ ಅನಿಪಾಳದಾಯಿತು.

ನವೆಂಬರಿನಲ್ಲಿ ಕುಬಾತ್ ತಾನೇ ಕೊಕ್-ತಾಲ್‌ಗೆ ಬಂದ. ಅವನಿಗಾಗಿ ಕುರಿ ಕಡಿದರು. ಹೊಟ್ಟೆ ತುಂಬ ಉಂಡು, ಗಡ್ಡ ಒರೆಸಿಕೊಂಡು, ಅವನು ಮೆಲ್ಲಗೆ ಮಾತು ತೆಗೆದ: ಹಳ್ಳಿಯಲ್ಲಿ ಕೋಣೆ ಬಾಡಿಗೆಯಿಲ್ಲ, ಬಸ್ಸಿನ ಖರ್ಚಿಲ್ಲ, ಆದ್ದರಿಂದ ಇಲ್ಲಿನ ಹೊಲಿಗೆ ಕೂಲಿ ಸ್ವಲ್ಪ ಇಳಿದರೆ ಎಲ್ಲರಿಗೂ ಒಳ್ಳೆಯದು.

ಸಾಯ್ರಗುಲ್ ಬಾಯಿ ತೆರೆಯುವುದರೊಳಗೆ ಅನಿಪಾ ಚಹಾದ ಬಟ್ಟಲನ್ನು ಅವನ ಮುಂದಿಟ್ಟಳು.

"ಸೂಜಿ ಅದೇ, ಹೊಲಿಗೆ ಅದೇ ಬಾಯ್ಕೆ," ಎಂದಳು ಗೌರವದಿಂದಲೇ, ಅಣ್ಣನೊಡನೆ ಮಾತಾಡುವ ಹಾಗೆ. "ನಮ್ಮೂರಲ್ಲಿ ಹೊಲಿದ್ರೆ ಜಾಕೆಟ್ಟು ಕಮ್ಮಿ ಬೆಚ್ಚಗಿರತ್ತಾ?"

ಸಾಲಾಗಿ ಕೂತ ಹೆಂಗಸರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು. ಕುಬಾತ್ ನಾದಿನಿಯ ಕಡೆ ತಿರುಗಿದ. ಅವಳು ರೊಟ್ಟಿ ಮುರಿಯುವುದರಲ್ಲಿ ಮುಳುಗಿದ್ದಳು. ಅವನು ಬಟ್ಟಲೆತ್ತಿ ಒಂದು ಗುಟುಕು ಕುಡಿದು, ಕೂಲಿ ಹಾಗೇ ಇರಲಿ ಎಂದ. ಇನ್ನೂ ನಾಲ್ಕು ಹೊಸ ಯಂತ್ರ ಮುಂದಿನ ವಾರ ತೊಕ್ತೊಸುನ್ ಕೈಲಿ ಕಳಿಸುತ್ತೇನೆ, ಕೂರಿಸಲು ಜಾಗ ಮಾಡಿಕೊಳ್ಳಿ ಎಂದ. ಅನಿಪಾ ಆಗಲೇ ಎದ್ದು ವೇದಿಕೆಯ ಎಡಬದಿಯನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದಳು.